ಕಾಡಂಚಿನ ಮನೆಗೆ ಕಿಡಿ ಹತ್ತದ ಹಾಗೆ ನೋಡಿಕೊಳ್ಳುವುದು

ನಮ್ಮ ಮನೆ ಇರುವುದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನ ಅಂಚಿಗೆ. ಹಿತ್ತಿಲ ಬಾಗಿಲು ತೆಗೆದರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ನಮ್ಮ ಬದುವಿನಿಂದ ಆನೆ ಕಂದಕಕ್ಕೆ ಮುನ್ನೂರು ಹೆಜ್ಜೆ. ನಾನೇ ಎಣಿಸಿದ್ದೇನೆ. ಆಗಸ್ಟಿನಲ್ಲಿ ಬಂದ ನೆಂಟರು 'ಸ್ವರ್ಗ ಕಣ್ರೀ ಇದು' ಅನ್ನುತ್ತಾರೆ. ಅದೇ ನೆಂಟರು ಮಾರ್ಚಿನಲ್ಲಿ ಈ ಕಡೆ ತಲೆ ಹಾಕುವುದಿಲ್ಲ. ಆಗ ತೇಗದ ಎಲೆ ಹಪ್ಪಳವಾಗಿರುತ್ತದೆ, ಲಂಟಾನ ಮೆಳೆ ನಿಂತಲ್ಲೇ ಸೌದೆಯಾಗಿರುತ್ತದೆ. ಒಂದು ಬೀಡಿ ಸಾಕು.

ಮದುವೆಯಾಗಿ ಇಲ್ಲಿಗೆ ಬಂದು 31 ವರ್ಷ. ಅಷ್ಟೂ ವರ್ಷ ನಾನು ಅಂದುಕೊಂಡಿದ್ದು, ಬೆಂಕಿ ಅಂದರೆ ಕಾಡಿನಿಂದ ಸಾಲುಹಿಡಿದು ನಡೆದುಕೊಂಡು ಬರುತ್ತದೆ, ಬದುವಿನ ಹತ್ತಿರ ತಡೆದರೆ ಮುಗಿಯಿತು ಅಂತ. 2019ರ ಫೆಬ್ರವರಿಯಲ್ಲಿ ಆ ಲೆಕ್ಕ ತಪ್ಪು ಅಂತ ಗೊತ್ತಾಯಿತು. ಆ ಸಲ ಕುಂದುಕೆರೆ, ಗೋಪಾಲಸ್ವಾಮಿ ಬೆಟ್ಟದ ಕಡೆಯೆಲ್ಲ ದಿನಗಟ್ಟಲೆ ಉರಿಯಿತು. ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟಿದೆ ಅಂತ ಆಮೇಲೆ ಉಪಗ್ರಹದ ಚಿತ್ರ ನೋಡಿ ಹೇಳಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ಬೆಂಕಿ ಮಾತ್ರ ನಮ್ಮ ಜಮೀನಿಗೆ ಬರಲಿಲ್ಲ. ಕಿಲೋಮೀಟರಿಗೂ ಜಾಸ್ತಿ ದೂರದಲ್ಲೇ ಇತ್ತು.

ಬಂದಿದ್ದು ಎಲೆಗಳು. ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಕೂತಿದ್ದೆ. ಆಕಾಶ ಅರಿಶಿನದ ನೀರಿನ ಬಣ್ಣ. ಕರಿ ಎಲೆಗಳು ತೇಲಿಕೊಂಡು ಬಂದು ಅಂಗಳದಲ್ಲಿ ಕೂರುತ್ತಿದ್ದವು. ನರ ನರ ಕಾಣುತ್ತಿತ್ತು, ಮುಟ್ಟಿದರೆ ಪುಡಿ. ಸುಮಾರು ಎಲೆ ತಣ್ಣಗಾಗಿದ್ದವು. ಒಂದರ ಅಂಚು ಮಾತ್ರ ಕೆಂಪಗಿತ್ತು. ಅದು ಬಂದು ಗೋಡೆಗೆ ಒರಗಿಸಿದ್ದ ತೆಂಗಿನಕಡ್ಡಿ ಪೊರಕೆಯ ಮೇಲೆ ಕೂತಿತು. ನಾನು ನೋಡುತ್ತಲೇ ಇದ್ದೆ. ಮೊದಲು ಸಣ್ಣ ಹೊಗೆ, ಆಮೇಲೆ ಒಂದು ಕಡ್ಡಿ ಕೆಂಪಾಯಿತು, ಆಮೇಲೆ ಪೊರಕೆ ಪೂರ್ತಿ ಭಗ್ ಅಂತು. ಪೊರಕೆಯ ಪಕ್ಕ ಗೋಣಿಚೀಲ. ಗೋಣಿಚೀಲದ ಮೇಲೆ ಕಿಟಕಿ. ಕಿಟಕಿ ಮರದ್ದು. ನಾನು ಆ ಹೊತ್ತಿಗೆ ಎಮ್ಮೆ ನೋಡಲು ಹೋಗಿದ್ದಿದ್ದರೆ ಮನೆ ಇರುತ್ತಿರಲಿಲ್ಲ.

ಆ ರಾತ್ರಿ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಡಿಯಾಗೋ ಹತ್ತಿರ. ಅದೂ ಒಣ ಸೀಮೆ, ಅಲ್ಲೂ ಗಾಳಿ ಕಾಲದಲ್ಲಿ ಗುಡ್ಡ ಉರಿಯುತ್ತದೆ. 2007ರಲ್ಲಿ ಅವರ ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಜನ ಮನೆ ಬಿಟ್ಟು ಹೋಗಿದ್ದರಂತೆ. "ಚಿಕ್ಕಮ್ಮ, ಮನೆ ಸುಡೋದೇ ಹಂಗೆ. ಜ್ವಾಲೆ ಆಮೇಲೆ ಬರುತ್ತೆ, ಕಿಡಿ ಮೊದಲು ಬರುತ್ತೆ" ಅಂದ. 2018ರಲ್ಲಿ ಅದೇ ರಾಜ್ಯದ ಪ್ಯಾರಡೈಸ್ ಅನ್ನುವ ಊರು ಸುಟ್ಟುಹೋಯಿತಲ್ಲ, 85 ಜನ ಸತ್ತರು, ಹದಿನೆಂಟು ಸಾವಿರಕ್ಕೂ ಮಿಕ್ಕಿ ಕಟ್ಟಡ ಹೋದವು. ಅಲ್ಲಿಯ ಫೋಟೋ ಕಳಿಸಿದ. ಮನೆ ಬೂದಿ, ಪಕ್ಕದ ಮರ ಹಸಿರಾಗಿ ನಿಂತಿದೆ! ಕಾಡಿನ ಬೆಂಕಿ ಬಂದು ಸುಟ್ಟಿದ್ದರೆ ಮರ ಉಳಿಯುತ್ತಿತ್ತಾ?

ಅಲ್ಲಿಂದ ಈಚೆಗೆ ನಾನು ಮಾಡುತ್ತಾ ಬಂದಿರುವ ಕೆಲಸ ಇವು. ನಮ್ಮ ಕಡೆಯ ಹೆಂಚಿನ ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ ಇರುವವರಿಗೆ ಜಾಸ್ತಿ ಉಪಯೋಗ. ಎಸ್ಟೇಟು, ಹೋಂಸ್ಟೇ ಮಾಡಿಕೊಂಡವರೂ ನೋಡಬಹುದು.

ಗೋಡೆಯಿಂದ ಐದಡಿ

ಕ್ಯಾಲಿಫೋರ್ನಿಯಾದವರು ಮನೆ ಸುತ್ತ ಮೂರು ಸುತ್ತು ಲೆಕ್ಕ ಹಾಕುತ್ತಾರೆ. ಮೊದಲ 5 ಅಡಿ, ಆಮೇಲೆ 30 ಅಡಿ, ಆಮೇಲೆ 100 ಅಡಿ. ಮೊದಲ ಐದಡಿಯಲ್ಲಿ ಉರಿಯುವಂಥದ್ದು ಏನೂ ಇರಕೂಡದು. ಏನೂ ಅಂದರೆ ಏನೂ. ಇದನ್ನು ಕೇಳಿ ನಮ್ಮತ್ತೆ ನಕ್ಕುಬಿಟ್ಟರು. ಅವರ ಕಾಲದಲ್ಲಿ ಅಂಗಳ ಗುಡಿಸಿ, ಸಗಣಿ ಸಾರಿಸಿ, ಒಂದು ಹುಲ್ಲುಕಡ್ಡಿ ಇರದ ಹಾಗೆ ಇಡುತ್ತಿದ್ದರು. ಹಾವು ಚೇಳು ಕಾಣಲಿ ಅಂತ, ರಾಗಿ ಒಣಹಾಕಲಿಕ್ಕೆ ಅಂತ. ಬೆಂಕಿಗೂ ಅದೇ ಮದ್ದು. ಅಂಗಳ ಸಾರಿಸುವುದನ್ನು ಬಿಟ್ಟವರು ನಾವು. ಬಿಟ್ಟ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕಾಯರ್ ಮ್ಯಾಟು, ಹಳೇ ಸೋಫಾ ತಂದಿಟ್ಟವರೂ ನಾವೇ.

ಸಂಕ್ರಾಂತಿ ಮುಗಿದ ವಾರ ನಾನು ಮನೆ ಸುತ್ತ ಒಂದು ಸುತ್ತು ಬರುತ್ತೇನೆ. ಕೈಯಲ್ಲಿ ಐದಡಿ ಗಳ. ಗೋಡೆಗೆ ಗಳ ಮುಟ್ಟಿಸಿ ಹಿಡಿದುಕೊಂಡು ನಡೆಯುವುದು. ಅದರೊಳಗೆ ಸಿಕ್ಕಿದ್ದೆಲ್ಲ ಆಚೆಗೆ. ಮೊದಲ ವರ್ಷ ಏನೇನು ಸಿಕ್ಕಿತು ಅಂದರೆ: ಗೋಡೆಗೆ ಒಟ್ಟಿದ ಸೌದೆ, ಬೆರಣಿ ರಾಶಿ, ತೆಂಗಿನ ಮಟ್ಟೆ, ಮೂರು ಪೊರಕೆ, ಗೊಬ್ಬರದ ಖಾಲಿ ಚೀಲ, ಹಳೇ ಡ್ರಿಪ್ ಪೈಪಿನ ಸುರುಳಿ, ಟಿಲ್ಲರಿನ ಡೀಸೆಲ್ ಕ್ಯಾನು. ಡೀಸೆಲ್ ಕ್ಯಾನು ಅಡುಗೆಮನೆ ಗೋಡೆಗೇ ಒರಗಿತ್ತು. ಅಷ್ಟು ವರ್ಷ ದಿನಾ ನೋಡಿದ್ದೇ, ಕಣ್ಣಿಗೆ ಬಿದ್ದಿರಲಿಲ್ಲ.

ಸೌದೆ ಮತ್ತು ಬೆರಣಿಯನ್ನು ಈಗ ಮೂವತ್ತಡಿ ಆಚೆ, ಕಲ್ಲು ಚಪ್ಪಡಿ ಮೇಲೆ ಒಟ್ಟಿದ್ದೇನೆ. ದಿನಕ್ಕೆ ಬೇಕಾದಷ್ಟೇ ಒಳಗೆ ತರುವುದು. ಮಳೆಗಾಲದಲ್ಲಿ ಇದು ಕಷ್ಟ, ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಜೂನಿನಿಂದ ಡಿಸೆಂಬರಿನವರೆಗೆ ಸೂರಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ನಿಯಮ ಬೇಸಿಗೆಗೆ, ಮಳೆಗಾಲಕ್ಕಲ್ಲ.

ಗೋಡೆ ಬುಡದ ಐದಡಿಗೆ ಜಲ್ಲಿ ಹಾಕಿಸಬಹುದು. ದುಡ್ಡಿಲ್ಲದಿದ್ದರೆ ಬರಿ ಮಣ್ಣು ಸಾಕು. ಗೋಡೆಗೆ ಹಬ್ಬಿಸಿದ ಮಲ್ಲಿಗೆ ಬಳ್ಳಿ ಇದ್ದರೆ ಅದನ್ನು ಚಪ್ಪರಕ್ಕೆ ತಿರುಗಿಸಿ. ಮೇಲೆ ಹಸಿರು ಕಂಡರೂ ಒಳಗೆ ಒಣಗಿದ ಎಲೆ ಸೇರಿನಷ್ಟು ಕೂತಿರುತ್ತದೆ. ತುಳಸಿ ಕಟ್ಟೆ ಇರಲಿ, ನೀರು ಹಾಕುತ್ತಿರುತ್ತೀರಲ್ಲ.

ಹೆಂಚು

ನಮ್ಮ ಮನೆಯ ಮುಂಭಾಗ ತಾರಸಿ, ಹಿಂಭಾಗ ಹಳೇ ಮಂಗಳೂರು ಹೆಂಚು. ಹೆಂಚು ಸುಡುವುದಿಲ್ಲ, ಸುಟ್ಟೇ ಮಾಡಿದ್ದಲ್ವಾ. ಆದರೆ ಹೆಂಚಿನ ಕೆಳಗೆ ರೀಪು, ಅದರ ಕೆಳಗೆ ಮರದ ತೊಲೆ, ಅದರ ಕೆಳಗೆ ಅಟ್ಟ. ಅಟ್ಟದಲ್ಲಿ ಇಲ್ಲದ್ದು ಏನಿದೆ? ಕಿಡಿ ಹೆಂಚಿನ ಸಂದಿಯಿಂದ ಒಳಗೆ ಹೋದರೆ ನಿಮಗೆ ಗೊತ್ತಾಗುವುದು ಮಾಡು ಹತ್ತಿಕೊಂಡ ಮೇಲೇ.

ಏಣಿ ಹಾಕಿ ಒಂದು ದಿನ ಪೂರ್ತಿ ಇದಕ್ಕೆ ಕೊಡಿ. ಹೆಂಚಿನ ಮೇಲಿನ ತರಗೆಲೆ ಗುಡಿಸಿ. ಎರಡು ಮಾಡು ಸೇರುವ ಕಣಿವೆ ಇರುತ್ತದಲ್ಲ, ಅಲ್ಲಿ ಎಲೆ ಕೂತು ಗೊಬ್ಬರವಾಗಿರುತ್ತದೆ. ಅದನ್ನು ಕೈಹಾಕಿ ತೆಗೆಯಬೇಕು, ಗುಡಿಸಿದರೆ ಬರುವುದಿಲ್ಲ. ಒಡೆದ ಹೆಂಚು, ಜಾರಿದ ಹೆಂಚು ಬದಲಾಯಿಸಿ. ಕೂಡುಹೆಂಚಿನ ಕೆಳಗಿನ ಗಾರೆ ಉದುರಿದ್ದರೆ ಮೆತ್ತಿಸಿ. ನಮ್ಮಲ್ಲಿ ಕೂಡುಹೆಂಚಿನ ಕೆಳಗೆ ಅಳಿಲು ಗೂಡು ಕಟ್ಟಿತ್ತು. ತೆಂಗಿನ ನಾರು, ಹತ್ತಿ, ನನ್ನದೇ ಹಳೇ ಸೀರೆಯ ನೂಲು. ಒಂದು ಮೊರದ ತುಂಬ ಬಂತು. ಒಲೆ ಹೊತ್ತಿಸಲು ನಾನು ಹುಡುಕಿದರೂ ಅಷ್ಟು ಒಳ್ಳೆಯದು ಸಿಗುವುದಿಲ್ಲ. ಮರಿ ಇರಲಿಲ್ಲ, ನೋಡಿಕೊಂಡೇ ತೆಗೆದೆ.

ಸೂರಿನಲ್ಲಿ ಗೋಡೆ ಮತ್ತು ಹೆಂಚಿನ ನಡುವಿನ ಕಿಂಡಿ ಇನ್ನೂ ದೊಡ್ಡ ದಾರಿ. ಅದನ್ನು ಪೂರ್ತಿ ಮುಚ್ಚಿದರೆ ಬೇಸಿಗೆಯಲ್ಲಿ ಒಳಗೆ ಇರಲಾಗದು. ಲೋಹದ ಜಾಲರಿ ಬಡಿಸಿ, ಕಣ್ಣು ಮೂರು ಮಿಲಿಮೀಟರಿಗಿಂತ ದೊಡ್ಡದಿರಬಾರದು. ಅಂಗಡಿಯಲ್ಲಿ ಕೊಡುವ ಹಸಿರು ನೈಲಾನ್ ಸೊಳ್ಳೆ ಜಾಲರಿ ಇದಕ್ಕೆ ಆಗದು, ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ಅಡುಗೆಮನೆಯ ಹೊಗೆಕಿಂಡಿ, ಬಚ್ಚಲಿನ ಗವಾಕ್ಷಿ, ಎಲ್ಲಕ್ಕೂ ಇದೇ. ಜಾಲರಿಗೆ ಬಲೆ, ಧೂಳು ಕಟ್ಟುತ್ತದೆ, ಪೊರಕೆಯಲ್ಲಿ ಆಗಾಗ ತಟ್ಟಬೇಕು.

ಶೀಟಿನ ಮನೆಯವರಿಗೆ ಒಂದು ಮಾತು. ಕಬ್ಬಿಣದ ಶೀಟು ಪರವಾಗಿಲ್ಲ, ಅಂಚಿನ ಅಲೆಯಾಕಾರದ ತೂತುಗಳನ್ನು ಮುಚ್ಚಿದರೆ ಸಾಕು. ಸಿಮೆಂಟು ಶೀಟು ಕಾದರೆ ಪಟಾಕಿ ಥರ ಸಿಡಿಯುತ್ತದೆ, ಕೆಳಗೆ ನಿಲ್ಲಬೇಡಿ. ಬೆಳಕಿಗೆ ಅಂತ ಹಾಕುವ ಫೈಬರ್ ಶೀಟು ಸೀದಾ ಕರಗಿ ಬೀಳುತ್ತದೆ. ತೆಂಗಿನ ಗರಿಯ ಚಪ್ಪರ ಮನೆಗೆ ತಾಗಿಕೊಂಡಿದ್ದರೆ ಜನವರಿಯಲ್ಲೇ ಬಿಚ್ಚಿಬಿಡಿ. ನೆರಳು ಬೇಕೇ ಬೇಕು ಅಂದರೆ ಗೋಡೆಯಿಂದ ದೂರ ಹಾಕಿಕೊಳ್ಳಿ.

ಮೆದೆ ಮತ್ತು ಕೊಟ್ಟಿಗೆ

ಇಲ್ಲಿ ನನ್ನದೇ ತಪ್ಪು ಹೇಳಬೇಕು. 2019ರ ಬೆಂಕಿಯಿಂದ ಮನೆ ಉಳಿಸಿಕೊಂಡ ನಾನು ಎರಡು ವರ್ಷ ಬಿಟ್ಟು ನನ್ನ ಕೈಯಾರೆ ಮೆದೆ ಸುಟ್ಟೆ. ಅರಿಶಿನ ಅಗೆದಾಗಿತ್ತು. ಒಣಗಿದ ಸೊಪ್ಪನ್ನು ಗುಡ್ಡೆ ಹಾಕಿ ಸಂಜೆ ಬೆಂಕಿ ಕೊಟ್ಟೆ. ಗಾಳಿ ಇರಲಿಲ್ಲ. ಎರಡು ಬಿಂದಿಗೆ ನೀರು ಸುರಿದು, ಚುಸ್ ಅಂತು, ಆರಿತು ಅಂತ ಬಂದು ಮಲಗಿದೆ. ಆರಿದ್ದು ಮೇಲೆ ಮಾತ್ರ. ಬೂದಿಯ ಕೆಳಗೆ ರಾತ್ರಿಯೆಲ್ಲ ಕೆಂಡ ಇತ್ತು. ಮಾರನೇ ದಿನ ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ಬೂದಿ ಹಾರಿಹೋಯಿತು, ಕೆಂಡ ಬೆತ್ತಲಾಯಿತು, ಕಿಡಿ ಎದ್ದು ನೆಟ್ಟಗೆ ರಾಗಿ ಹುಲ್ಲಿನ ಮೆದೆಗೆ. ಮೆದೆಯಿಂದ ಕೊಟ್ಟಿಗೆಯ ಗರಿ ಮಾಡಿಗೆ. ಎಲ್ಲ ಸೇರಿ ಹತ್ತು ನಿಮಿಷ ಇಲ್ಲ. ಹಸು ಎರಡನ್ನೂ ಬಿಡಿಸಿದೆವು. ಕರು ಸರಪಳಿಯಲ್ಲಿತ್ತು. ಸರಪಳಿಯ ಕೊಕ್ಕೆ ಕಾದು ಕೈ ಇಡಲಾಗಲಿಲ್ಲ. ಗೂಟ ಸಮೇತ ಕಿತ್ತು ಎಳೆದೆವು. ಕರುವಿನ ಎಡಗಿವಿ ಅರ್ಧ ಹೋಯಿತು. ಅದೀಗ ದೊಡ್ಡ ಹಸು, ಹಾಲು ಕೊಡುತ್ತದೆ. ಕರೆಯಲು ಕೂತಾಗಲೆಲ್ಲ ಆ ಕಿವಿ ನನ್ನ ಮುಖದ ಹತ್ತಿರ ಇರುತ್ತದೆ.

ಅದಕ್ಕೇ ಹೇಳುತ್ತೇನೆ, ಕೊಟ್ಟಿಗೆಯಲ್ಲಿ ಬೇಸಿಗೆ ಮುಗಿಯುವವರೆಗೆ ಸರಪಳಿ ಬೇಡ. ಹಗ್ಗ ಕಟ್ಟಿ, ತುದಿ ಹಿಡಿದು ಎಳೆದರೆ ಬಿಚ್ಚುವ ಗಂಟು ಹಾಕಿ. ಬಾಗಿಲ ಪಕ್ಕ, ಕೈಗೆ ಎಟಕುವ ಕಡೆ ಒಂದು ಕುಡುಗೋಲು ಸಿಕ್ಕಿಸಿಡಿ, ಗಂಟು ಬಿಚ್ಚದಿದ್ದರೆ ಕೊಯ್ಯಲು. ಬಿಡಿಸಿದ ದನವನ್ನು ಎಲ್ಲಿಗೆ ಓಡಿಸಬೇಕು ಅಂತ ಮೊದಲೇ ಗೊತ್ತಿರಬೇಕು. ನಮ್ಮದು ಉತ್ತ ಹೊಲ. ಬರಿ ಮಣ್ಣು, ಹೊಗೆ ಬರಬಹುದು, ಬೆಂಕಿ ಬರದು. ದನ ಗಾಬರಿಯಲ್ಲಿ ತಿರುಗಿ ಕೊಟ್ಟಿಗೆಗೇ ನುಗ್ಗುತ್ತವೆ, ಬಾಗಿಲು ಹಾಕಿ ಬನ್ನಿ.

ಮೆದೆಯನ್ನು ಮನೆಯಿಂದಲೂ ಕೊಟ್ಟಿಗೆಯಿಂದಲೂ ನೂರಡಿ ಆಚೆ ಹಾಕಿ. ಅಷ್ಟು ಜಾಗ ಇಲ್ಲದವರು ಎಷ್ಟು ದೂರ ಆಗುತ್ತದೋ ಅಷ್ಟು. ಒಂದು ದೊಡ್ಡ ಮೆದೆಯ ಬದಲು ಎರಡು ಸಣ್ಣವು, ನಡುವೆ ಜಾಗ ಬಿಟ್ಟು. ಒಂದು ಹೋದರೂ ಇನ್ನೊಂದು ಉಳಿದರೆ ದನ ಉಪವಾಸ ಬೀಳವು. ಪ್ರತಿ ಮೆದೆ ಸುತ್ತ ಹತ್ತಡಿ ಹುಲ್ಲು ಕೆತ್ತಿ ಮಣ್ಣು ಕಾಣಿಸಿ. ಕರೆಂಟಿನ ತಂತಿಯ ಕೆಳಗೆ ಮಾತ್ರ ಎಂದೂ ಮೆದೆ ಹಾಕಬೇಡಿ. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದರೆ ಉದುರುವುದೂ ಕಿಡಿಯೇ. ಟಾರ್ಪಾಲು ಹೊದಿಸಿದರೆ ಮಳೆಗೆ ಸರಿ, ಕಿಡಿಗೆ ಅಲ್ಲ. ನಮ್ಮ ಟಾರ್ಪಾಲಿನಲ್ಲಿ ಬೆರಳು ತೂರುವಷ್ಟು ಏಳು ತೂತು ಎಣಿಸಿದ್ದೆ.

ಕಸ ಸುಡುವುದನ್ನು ನಾನು ಬಿಟ್ಟಿದ್ದೇನೆ. ಅರಿಶಿನದ ಸೊಪ್ಪು ಈಗ ಗೊಬ್ಬರದ ಗುಂಡಿಗೆ. ಸುಡಲೇಬೇಕು ಅನ್ನುವವರು ಡಿಸೆಂಬರಿನೊಳಗೆ, ಇಬ್ಬನಿ ಇರುವಾಗ, ಬೆಳಿಗ್ಗೆ ಸುಟ್ಟು ಮುಗಿಸಿ. ಸಂಜೆ ಬೂದಿ ಕೆದಕಿ, ನೀರು ಹಾಕಿ, ಮತ್ತೆ ಕೆದಕಿ, ಮತ್ತೆ ನೀರು ಹಾಕಿ. ಕೈಯಿಟ್ಟರೆ ತಣ್ಣಗಿರಬೇಕು.

ಬದು, ಲಂಟಾನ, ಬಾಳೆ

ಅರಣ್ಯ ಇಲಾಖೆಯವರು ಚಳಿಗಾಲ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ಉರಿಯುವುದನ್ನೆಲ್ಲ ತೆಗೆದ ಪಟ್ಟಿ, ಮಾಡುತ್ತಾರೆ, ಬೇಸಿಗೆಗೆ ಬೆಂಕಿ ಕಾವಲುಗಾರರನ್ನು ಇಟ್ಟುಕೊಳ್ಳುತ್ತಾರೆ. ಸುಮಾರು ಜನ ನಮ್ಮ ಹುಡುಗರೇ. ಅವರ ರೇಖೆ ಅವರದ್ದು. ನಮ್ಮ ಗಡಿಯೊಳಗೆ ನಮ್ಮ ರೇಖೆ ನಾವು ಮಾಡಿಕೊಳ್ಳಬೇಕು. ನಾನು ಕಾಡಿನ ಕಡೆಯ ಬದುವಿಗೆ ಹೊಂದಿಕೊಂಡು ಮೂವತ್ತಡಿ ಅಗಲ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸುತ್ತೇನೆ. ಜನವರಿಯಲ್ಲಿ ಒಂದು ಸಲ, ಮಾರ್ಚಿನಲ್ಲಿ ಇನ್ನೊಂದು ಸಲ. ನಡುವೆ ತರಗು ಹಾರಿಬಂದು ಸಾಲಿನಲ್ಲಿ ಕೂತಿರುತ್ತದೆ, ಅದಕ್ಕೇ ಎರಡನೇ ಸಲ. ಇಳಿಜಾರಿನ ಮೇಲೆ ಮನೆ ಇರುವವರು ಕೆಳಗಿನ ಕಡೆ ಇನ್ನೂ ಅಗಲ ಮಾಡಿ. ಬೆಂಕಿ ಏರು ಹತ್ತುವಾಗ ಓಡುತ್ತದೆ. ಹತ್ತು ಡಿಗ್ರಿ ಏರಿಗೆ ವೇಗ ಹೆಚ್ಚುಕಡಿಮೆ ಎರಡರಷ್ಟು ಅನ್ನುವುದು ಬೆಂಕಿ ಆರಿಸುವವರ ಲೆಕ್ಕ.

ಲಂಟಾನದ ಬಗ್ಗೆ ಎಷ್ಟು ಬೈದರೂ ಸಾಲದು. ಹುಲ್ಲಿಗೆ ಬಿದ್ದ ಬೆಂಕಿ ಮೊಣಕಾಲೆತ್ತರ ಇರುತ್ತದೆ, ಸೊಪ್ಪಿನಲ್ಲಿ ಬಡಿಯಬಹುದು. ಲಂಟಾನ ಮೆಳೆಗೆ ಬಿದ್ದರೆ ಅದು ಏಣಿ ಹತ್ತಿದ ಹಾಗೆ ಮರದ ತಲೆಗೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಸೋಲಿಗರಲ್ಲಿ ಹಿಂದೆ ತರಗು ಬೆಂಕಿ ಅಂತ ಇತ್ತು. ಬೇಸಿಗೆ ಶುರುವಿಗೇ, ತರಗು ತೆಳುವಾಗಿ ಇರುವಾಗಲೇ ಸಣ್ಣಗೆ ಸುಟ್ಟುಬಿಡುವುದು. ಆ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಆಮೇಲೆ ಅದು ನಿಂತಿತು. ಅದು ನಿಂತಿದ್ದಕ್ಕೇ ಲಂಟಾನ ಈ ಪಾಟಿ ಬೆಳೆಯಿತು ಅಂತ ಅಲ್ಲಿಯ ಹಿರಿಯರು ಹೇಳುತ್ತಾರೆ. ಇದನ್ನು ಓದಿ ಯಾರೂ ಕಡ್ಡಿ ಗೀರಲು ಹೋಗಬೇಡಿ. ಅಭಯಾರಣ್ಯಕ್ಕೆ ಬೆಂಕಿ ಇಡುವುದು 1972ರ ವನ್ಯಜೀವಿ ಕಾಯಿದೆಯಲ್ಲಿ ಅಪರಾಧ. ಆ ಕಲೆ ಗೊತ್ತಿದ್ದವರು ಬೇರೆ, ನಾವು ಬೇರೆ.

ನಿಮ್ಮ ಬದುವಿನ ಲಂಟಾನ ಮೇಲೆ ಕಡಿದರೆ ನಾಲ್ಕು ಪಟ್ಟು ಚಿಗುರುತ್ತದೆ. ಗುದ್ದಲಿಯಲ್ಲಿ ಬುಡ ಬಿಡಿಸಿ, ನೆಲದಿಂದ ಒಂದೆರಡು ಅಂಗುಲ ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಡಿ. ಮಳೆ ಬಿದ್ದ ಮೇಲೆ ಮಾಡಿದರೆ ಮಣ್ಣು ಮೆತ್ತಗಿರುತ್ತದೆ, ಅರ್ಧ ಕೂಲಿಯಲ್ಲಿ ಕೆಲಸ ಆಗುತ್ತದೆ. ಕಾಡಿನೊಳಗಿನದ್ದಕ್ಕೆ ಕೈ ಹಾಕಬೇಡಿ, ಗಾರ್ಡಿಗೆ ಹೇಳಿ. ಮನೆ ಹತ್ತಿರದ ಮರಗಳ ಕೆಳಗಿನ ರೆಂಬೆಗಳನ್ನು ಆಳೆತ್ತರದವರೆಗೆ ಸವರಿ. ಮಾಡಿನ ಮೇಲೆ ಚಾಚಿದ ರೆಂಬೆ ಇರಲೇಬಾರದು. ನೀಲಗಿರಿ, ಬಿದಿರು ಮನೆಗೆ ಹತ್ತಿರ ಇದ್ದರೆ ತೆಗೆಸುವುದೇ ವಾಸಿ.

ಹಸಿರು ಬೇಲಿ ಒಳ್ಳೆಯದು. ಬಾಳೆ ಹಾಕಿ, ಬಾಳೆ ನೀರಿನ ಗಿಡ, ಉರಿಯುವುದಿಲ್ಲ ಅಂತ ಯಾರಾದರೂ ಹೇಳಬಹುದು. ನಿಜ, ಒಣಗರಿ ತೆಗೆಯುತ್ತಿದ್ದರೆ ಉರಿಯುವುದಿಲ್ಲ. ಆದರೆ ಕಾಡಂಚಿಗೆ ಬಾಳೆ ಹಾಕಿದರೆ ಆನೆಗೆ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಹಾಕಿ ಅನುಭವಿಸಿದ್ದೇನೆ. ಈಗ ಆ ಬದುವಿನಲ್ಲಿ ಕತ್ತಾಳೆ, ಕಳ್ಳಿ. ಬೆಂಕಿಗೂ ಬೇಡ, ಆನೆಗೂ ಬೇಡ.

ನೀರು

ಬೋರ್‌ವೆಲ್ ಇದೆ, ಪೈಪಿದೆ, ನನಗೇನು ಅಂದುಕೊಂಡಿದ್ದರೆ ಕೇಳಿ. ತ್ರೀಫೇಸ್ ಕರೆಂಟು ಇರುವುದೇ ದಿನಕ್ಕೆ ಕೆಲವು ಗಂಟೆ. ಬೆಂಕಿ ಬಿದ್ದಾಗ ಲೈನು ತೆಗೆದುಬಿಡುತ್ತಾರೆ, ತೆಗೆಯಲೇಬೇಕು. ಮೋಟರು ಆಗ ಬರಿ ಕಬ್ಬಿಣ. ಅದಕ್ಕೆ ಮಾಡಿನ ಎತ್ತರಕ್ಕೆ ಒಂದು ಸಿಂಟೆಕ್ಸ್ ಟ್ಯಾಂಕು, ಅದರಿಂದ ಕರೆಂಟಿಲ್ಲದೆ ಇಳಿಯುವ ನಲ್ಲಿ, ಮನೆ ಸುತ್ತ ತಲುಪುವಷ್ಟು ಉದ್ದದ ಪೈಪು. ಮನೆಯ ನಾಲ್ಕು ಮೂಲೆಗೆ ಇನ್ನೂರು ಲೀಟರಿನ ನಾಲ್ಕು ಡ್ರಮ್ಮು, ಪ್ರತಿ ಡ್ರಮ್ಮಿಗೆ ಒಂದು ಬಕೆಟ್ಟು. ಬಕೆಟ್ಟನ್ನು ಹಗ್ಗದಲ್ಲಿ ಕಟ್ಟಿಡಿ, ಇಲ್ಲದಿದ್ದರೆ ಬೇಕಾದ ದಿನ ಅದು ಬಚ್ಚಲಲ್ಲಿರುತ್ತದೆ. ಸೊಳ್ಳೆಗೆ ಡ್ರಮ್ಮಿನ ಮೇಲೆ ಬಟ್ಟೆ ಕಟ್ಟಿ.

ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಕ್ಯಾನು. ಹದಿನಾರು ಲೀಟರಿನದ್ದು. ಚೆನ್ನಾಗಿ ತೊಳೆದು, ಬರಿ ನೀರು ತುಂಬಿ, ಜಗಲಿಯಲ್ಲಿ ತೂಗುಹಾಕಿ. ಬಕೆಟ್ಟಿನಲ್ಲಿ ಎರಚಿದರೆ ಒಂದೇ ಕಿಡಿಗೆ ಅರ್ಧ ಬಕೆಟ್ ಹೋಗುತ್ತದೆ. ಇದರಲ್ಲಿ ಒಂದು ಕಿಡಿಗೆ ಒಂದು ಲೋಟ ಸಾಕು, ಸೂರಿನವರೆಗೂ ಹಾರುತ್ತದೆ. ಸಾಧ್ಯವಾದರೆ ಕಳೆನಾಶಕ ಹೊಡೆಯದ ಬೇರೆ ಕ್ಯಾನನ್ನೇ ಇಟ್ಟುಕೊಳ್ಳಿ.

ಹೊಗೆ ಕಂಡ ದಿನ

ಕಾಡಿನಲ್ಲಿ ಹೊಗೆ ಕಂಡರೆ ಮೊದಲು ಫೋನು. ಅರಣ್ಯ ಇಲಾಖೆಯ ಸಹಾಯವಾಣಿ 1926, ಅಗ್ನಿಶಾಮಕ 101, ತುರ್ತಿಗೆ 112. ಗಾರ್ಡಿನ ನಂಬರು ಗೋಡೆಯ ಮೇಲೇ ಬರೆದಿರಲಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ಎಸ್ಎಂಎಸ್ ಕಳಿಸುತ್ತಾರೆ. ಅವರ ವೆಬ್‌ಸೈಟಿನಲ್ಲಿ ನಂಬರು ನೋಂದಾಯಿಸಬಹುದು. ಅದನ್ನೇ ನಂಬಿ ಕೂರಬೇಡಿ. ಅದರಲ್ಲಿ ಒಂದು ಉಪಗ್ರಹ ಹಾಯುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಮತ್ತೆ ನಡುರಾತ್ರಿ ಮೇಲೆ. ಮೂರು ಗಂಟೆಗೆ ಹತ್ತಿದ ಬೆಂಕಿಯನ್ನು ಮೊದಲು ಕಾಣುವುದು ನಿಮ್ಮ ಕಣ್ಣೇ.

ಆಮೇಲೆ ಕೆಲಸ ಹಂಚಿಕೊಳ್ಳಬೇಕು. ನಮ್ಮಲ್ಲಿ ಹೀಗೆ: ಕಿಟಕಿ ಬಾಗಿಲು ಮುಚ್ಚುವುದು, ಪರದೆ ಬಿಚ್ಚಿ ಕೋಣೆ ನಡುವೆ ಹಾಕುವುದು ಸೊಸೆ. ಗ್ಯಾಸ್ ರೆಗ್ಯುಲೇಟರ್ ಆರಿಸಿ ಸಿಲಿಂಡರನ್ನು ಉತ್ತ ಹೊಲಕ್ಕೆ ಸಾಗಿಸುವುದು ಮಗ. ದನ ನಾನು. ಗಾಡಿಯನ್ನು ರಸ್ತೆ ಕಡೆ ಮುಖ ಮಾಡಿ, ಕೀಲಿ ಅದರಲ್ಲೇ ಬಿಟ್ಟು ನಿಲ್ಲಿಸುವುದು ಯಜಮಾನರು. ಪಹಣಿ, ಪಾಸ್‌ಬುಕ್ಕು, ಆಧಾರು, ಅತ್ತೆಯ ಬಿಪಿ ಮಾತ್ರೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಬೇಸಿಗೆಯಿಡೀ ಬಾಗಿಲ ಹಿಂದೆ ಇರುತ್ತದೆ.

ಬಟ್ಟೆ ಹತ್ತಿಯದ್ದೇ ಆಗಬೇಕು. ತುಂಬುತೋಳಿನ ಅಂಗಿ, ಬೂಟು, ಮೂಗಿಗೆ ಒದ್ದೆ ಟವಲು. ಹೆಂಗಸರೇ, ಆ ಹೊತ್ತಿಗೆ ಸಿಂಥೆಟಿಕ್ ಸೀರೆ, ನೈಟಿಯಲ್ಲಿ ಓಡಾಡಬೇಡಿ. ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಾನು ನನ್ನ ಮಗನ ಹಳೇ ಪ್ಯಾಂಟು ಅಂಗಿ ಮೊಳೆಗೆ ನೇತುಹಾಕಿಟ್ಟಿದ್ದೇನೆ. ನೋಡಿದವರು ನಗುತ್ತಾರೆ. ನಗಲಿ.

ಹೊಲದ ಅಂಚಿಗೆ ಬಂದ ಸಣ್ಣ ಹುಲ್ಲುಬೆಂಕಿಯನ್ನು ಹೊಂಗೆಯ ಹಸಿ ಕೊಂಬೆಯಲ್ಲಿ ಬಡಿದು ಆರಿಸಬಹುದು. ಬಡಿಯುವುದಕ್ಕೂ ರೀತಿ ಇದೆ. ಎತ್ತಿ ಎತ್ತಿ ಬಡಿದರೆ ಕಿಡಿ ಹಿಂದಕ್ಕೆ ಹಾರುತ್ತದೆ, ನಿಮ್ಮ ಬೆನ್ನ ಹಿಂದೆ ಹೊಸ ಬೆಂಕಿ. ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಸುಟ್ಟ ನೆಲ ನಿಮ್ಮ ಕಾಲ ಹಿಂದೆ ಇರಲಿ, ಓಡಲು ಅದೇ ಜಾಗ. ಸೊಂಟಕ್ಕಿಂತ ಎತ್ತರದ ಜ್ವಾಲೆ ಎದುರು ನಿಲ್ಲಬೇಡಿ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಸಿಗದ ಹಾಗೆ ಅದರ ಮುಂದಿನ ಹುಲ್ಲನ್ನು ಮೊದಲೇ ಸುಡುವುದು, ಇಲಾಖೆಯವರ ಕೆಲಸ. ನಮ್ಮೂರಿನ ಗಂಡಸರಿಗೆ ಆ ಹೊತ್ತಿನಲ್ಲಿ ಎಲ್ಲಿಲ್ಲದ ಧೈರ್ಯ ಬರುತ್ತದೆ, ತಡೆಯಿರಿ.

ಹೊರಡುವುದು ಯಾವಾಗ? ಇದನ್ನು ಬೆಂಕಿ ಬಂದ ದಿನ ಕೂತು ಮಾತಾಡಲಾಗದು. ನಮ್ಮ ತೀರ್ಮಾನ ಇದು: ಅಂಗಳಕ್ಕೆ ಕೆಂಪಂಚಿನ ಎಲೆ ಬಿತ್ತು ಅಂದರೆ ಅತ್ತೆ, ಸೊಸೆ, ಮೊಮ್ಮಗು ಗಾಡಿ ಹತ್ತಬೇಕು, ಚರ್ಚೆ ಇಲ್ಲ. ಬೆಂಕಿ ನಮ್ಮ ಬದು ದಾಟಿತು ಅಂದರೆ ಉಳಿದವರೂ. ಕಾಡಿನ ಕಡೆಯ ದಾರಿ ಹಿಡಿಯಬೇಡಿ, ಹೊಗೆ ಒಂದು ಕಡೆ, ಹೆದರಿ ಬಂದ ಆನೆ ಇನ್ನೊಂದು ಕಡೆ.

ಆರಿದ ಮೇಲೆ

ಬೆಂಕಿ ಹೋಯಿತು ಅಂತ ಮಲಗಬೇಡಿ. ನನ್ನ ಮೆದೆಯ ಕಥೆ ನೆನಪಿದೆಯಲ್ವಾ. ಮೊದಲ ಆರು ಗಂಟೆ ಅರ್ಧರ್ಧ ಗಂಟೆಗೆ ಮನೆ ಸುತ್ತ ಬನ್ನಿ. ಅಟ್ಟ ಹತ್ತಿ ನೋಡಿ. ಕತ್ತಲಾದ ಮೇಲೆ ದೀಪ ಆರಿಸಿ ಮಾಡು ನೋಡಿ. ಹಗಲು ಕಾಣದ ಕೆಂಡ ರಾತ್ರಿ ಕಣ್ಣು ಬಿಟ್ಟಿರುತ್ತದೆ. ಕತ್ತಲಲ್ಲಿ ಮೂಗನ್ನೂ ಬಳಸಿ, ಮರ ಕಮರುವ ವಾಸನೆ ಹುಲ್ಲಿನ ವಾಸನೆಯಂತಲ್ಲ. ಕೆಳಗೆ ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ ಲೈನ್‌ಮನ್‌ಗೆ ಫೋನು ಮಾಡಿ.

ಹಳೇ ಮರದ ಬುಡ, ಮೋಟುಗಳನ್ನು ಮಾತ್ರ ಒಂದೆರಡು ದಿನ ನೋಡಿ ಬಿಡಬೇಡಿ. ನಮ್ಮ ಬದುವಿನಲ್ಲಿ ಒಂದು ಹುಣಸೆ ಮೋಟಿದೆ. ಅಲ್ಲಿಗೆ ಒಂದು ಸಲ ಕಾಡಿನ ಕಿಡಿ ಬಂದು ಕೂತಿತ್ತು. ಮೂರನೇ ದಿನ ಅದರ ಪಕ್ಕ ನಿಂತು ನೋಡಿದೆ. ಹೊಗೆ ಇಲ್ಲ, ಏನಿಲ್ಲ. ಮಣ್ಣಿನ ಮೇಲೆ ಅಂಗೈ ಇಟ್ಟರೆ ರೊಟ್ಟಿ ಹೆಂಚಿನ ಬಿಸಿ. ಗುದ್ದಲಿ ಹಾಕಿದರೆ ಬೇರು ಒಳಗೊಳಗೇ ಎರಡು ಮಾರು ಸುಟ್ಟುಕೊಂಡು ಹೋಗಿತ್ತು, ಸೌದೆ ಒಟ್ಟಿದ್ದ ಕಡೆಗೆ. ಎಂಟು ಬಿಂದಿಗೆ ನೀರು ಹಿಡಿಯಿತು.